ಬೂದ್ಯಾನ ನೆರಳು

ದಾವಣಗೆರೆಯ ಮಂಡಕ್ಕಿ ಭಟ್ಟಿ,
ಬೆಳಗಿನ ಜಾವವೆ ಹೊಗೆಯೋ ಹೊಗೆ!
ಬಾಣಲಿ ತುಂಬಾ ಸುಡು ಸುಡು ಮರಳು,
ಬಿದ್ದರೆ ಅಕ್ಕಿಗೆ ಚಟಪಟ ನಗೆ.

ಭಟ್ಟಿಯ ಹಿಂದಿನ ಬಯಲಲಿ ಗೂಟ,
ಗೂಟದ ಪಕ್ಕ ಬೂದ್ಯಾ ಕತ್ತೆ.
ಹೊರುವುದು ಭತ್ತದ ಹೊಟ್ಟಿನ ಮೂಟೆ,
ಇಳಿಸಿದ ಕೂಡಲೆ ಸಿಡುಕೇ ಮತ್ತೆ.

ಕಾಗೆಯು ಕೂತರೆ "ಏಳೋ ಆಚೆ!"
ನೊಣಗಳು ಬಂದರೆ ಬಾಲದ ಏಟು.
ಬಿಸಿಲಿಗು ಬೈಗುಳ, ಮಳೆಗೂ ಬೈಗುಳ,
ಚಂದ್ರನ ಮೇಲೂ ಏನೋ ಡೌಟು!

ಗೌಸಜ್ಜನ ಮೊಮ್ಮಗಳು ಮುಬೀನಾ
ಆರೇ ವರುಷದ ಪುಟ್ಟ ಹುಡುಗಿ,
ದೂರದಿಂದಲೇ ಹುಲ್ಲನು ಎಸೆದು
ನೋಡುತ್ತಿದ್ದಳು ಗೋಡೆಗೆ ಅಡಗಿ.
"ಸಿಟ್ಟಿನ ಸಾಹೇಬ್ರು" ಅಂತಲೇ ಅವಳು
ಹೆಸರಿಟ್ಟಿದ್ದಳು, ಮೆಲ್ಲಗೆ, ಗುಟ್ಟಾಗಿ.

ಒಂದಿನ ಸುಡುಸುಡು ಏಪ್ರಿಲ್ ಬಿಸಿಲು.
ಗೋಡೆಗು ಬೆವರು, ಗೂಟಕು ಬೆವರು.
ಅಂಗೈಯಷ್ಟೇ ಕೋಳಿಯ ಮರಿಯೊಂದು,
ತಾಯಿಯು ಇಲ್ಲ, ಇಲ್ಲಾ ಹೆಸರು,

ಚೆಲ್ಲಿದ ಮಂಡಕ್ಕಿ ಹೆಕ್ಕುತ ಹೆಕ್ಕುತ
ಬೂದ್ಯಾನ ಹೊಟ್ಟೆಯ ಕೆಳಗೇ ಬಂತು.
ಅಲ್ಲಿತ್ತೊಂದು ತಂಪಿನ ಚೂರು.
ರೆಕ್ಕೆಯ ಮಡಚಿ ಅಲ್ಲೇ ಕುಂತು!

"ಏಯ್, ಇದು ನನ್ನ ನೆರಳು!" ಅಂದ ಬೂದ್ಯಾ.
"ಚಿಂವ್" ಅಂತು ಮರಿ.
"ಬಾಡಿಗೆ ಎಲ್ಲಿ? ಕೊಡು ಮುಂಗಡವಾಗಿ!"
"ಚಿಂವ್" ಅಂತು ಮರಿ.
"ಒದ್ದರೆ ಹೋಗಿ ಹರಿಹರದಲ್ಲಿ ಬೀಳ್ತೀಯ!"
"ಚಿಂವ್" ಅಂತು ಮರಿ,
ಮುಚ್ಚಿತು ಕಣ್ಣು.

ಬೂದ್ಯಾ ಸರಿದ ಎಡಕ್ಕೆ ಒಂದಡಿ.
ನೆರಳೂ ಸರಿಯಿತು, ಮರಿಯೂ ಸರಿಯಿತು.
ಬೂದ್ಯಾ ಸರಿದ ಬಲಕ್ಕೆ ಎರಡಡಿ.
ನೆರಳೂ ಸರಿಯಿತು, ಮರಿಯೂ ಸರಿಯಿತು.
ಗೂಟದ ಸುತ್ತ ಗಿರಗಿರ ಗಿರಗಿರ...
ಹಗ್ಗವೆ ಮುಗಿಯಿತು!
ಮರಿ ಮಲಗಿತ್ತು.

ಮರುದಿನ ಬಂತು. ಅದರಾ ಮರುದಿನ.
ಬೂದ್ಯಾ ದಿನವೂ ಬೈದನು ಜೋರಾ.
ಆದರೆ ದಿನಕೆ ಒಂದೇ ಚಿಟಿಕೆ
ಕಮ್ಮಿ ಆಯಿತು ಬೈಗುಳ ಖಾರ.

ಆಮೇಲೊಂದಿನ ಮರಿ ಬರಲಿಲ್ಲ.
ಹತ್ತು ಗಂಟೆ. ಬರಲಿಲ್ಲ.
ಹನ್ನೊಂದಾಯಿತು. ಬರಲಿಲ್ಲ.
"ಒಳ್ಳೇದಾಯ್ತು, ಪೀಡೆ!" ಅಂದ ಬೂದ್ಯಾ.
ಹುಲ್ಲಿಗೆ ಮಾತ್ರ ಬಾಯಿಡಲಿಲ್ಲ.

ಎಲ್ಲೋ ಏನೋ ಚುಚ್ಚಿದ ಹಾಗೆ.
ಕಾಲನು ನೋಡಿದ. ಮುಳ್ಳೇ ಇಲ್ಲ.
ಬೆನ್ನನು ನೋಡಿದ. ಗಾಯವು ಇಲ್ಲ.
ಹೊಟ್ಟೆಯ ಕೆಳಗೆ ನೆರಳು ಬಿದ್ದಿತ್ತು,
ಅಷ್ಟಗಲ, ಖಾಲಿ.
ಅದನ್ನೇ ನೋಡುತ ಸುಮ್ಮನೆ ನಿಂತ.

ಆಮೇಲೆ ಕೂಗಿದ ನೋಡಿ, ಒಂದು ಕೂಗು!
ಹೊಗೆಯೂ ಬೆದರಿ ಸೊಟ್ಟಗೆ ಹೋಯಿತು.
ಗೌಸಜ್ಜನ ಕೈಯ ಜರಡಿಯು ಜಾರಿತು.
ಹಗ್ಗವ ಜಗ್ಗಿದ, ಗೂಟವೆ ಕಿತ್ತು
ಜೊತೆಗೇ ಹೊರಟಿತು ದಡಬಡ ದಡಬಡ!

ಭಟ್ಟಿಯ ಮುಂದೆ ಟೆಂಪೋ ನಿಂತಿದೆ,
ಚೀಲದ ಮೇಲೆ ಚೀಲದ ಅಟ್ಟ.
"ಹೀಂ-ಹಾಂ! ಹೀಂ-ಹಾಂ!" ಕೇಳಿದ ಬೂದ್ಯಾ.
ಎಲ್ಲೋ ಒಳಗಿನ ಗೋಣಿಯ ಒಳಗೆ
ಎಳ್ಳಿನ ಕಾಳಿನಷ್ಟೇ ಸದ್ದು:
"ಚಿಂವ್."

"ಗಾಡಿ ಬಿಡಬ್ಯಾಡ್ರೀ!" ಚೀರಿದ ಮುಬೀನಾ
ಸರಸರ ಹತ್ತಿ ದಾರವ ಬಿಚ್ಚಿದಳು.
ಮಂಡಕ್ಕಿ ರಾಶಿಯ ನಟ್ಟನಡುವೆ
ಕೊಕ್ಕೊಂದು ಕಂಡಿತು, ಆಮೇಲೆ ಹೊಟ್ಟೆ.
ಹೊಟ್ಟೆಯೋ, ಚೆಂಡೋ! ತಿಂದೂ ತಿಂದೂ
ಅಲ್ಲೇ ನಿದ್ದೆ ಹೋಗಿತ್ತು ಪೋರ.

ಮುಬೀನಾ ಮೊದಲ ಸಲ ಹತ್ತಿರ ಬಂದು
ಕತ್ತೆಯ ಮುಂದೆ ಮರಿಯನು ಇಟ್ಟಳು.
ಬೂದ್ಯಾ ಮೂಸಿದ. ಮತ್ತೂ ಮೂಸಿದ.
ಮೂಗಿನ ತುದಿಯಲಿ ಮೆಲ್ಲಗೆ ತಳ್ಳಿ,
ಗಂಟಲು ಸರಿಮಾಡಿ, ಅಂದ:
"ಬಿಸಿಲು ಐತಿ. ಕುಂದ್ರು."

ಈಗಲೂ ಬೂದ್ಯಾ ಸಿಡುಕನೆ, ಹೌದು.
ಕಾಗೆಗೆ ಬೈಗುಳ, ನೊಣಗಳಿಗೇಟು,
ಚಂದ್ರನ ಮೇಲಿನ ಡೌಟೂ ಉಂಟು.
ಆದರೆ ನೀವು ಮಧ್ಯಾಹ್ನ ಬನ್ನಿ.
ಸದ್ದು ಮಾಡದೆ ಗೋಡೆಗೆ ಅಡಗಿ.

ಸೂರ್ಯ ಒಂದಿಷ್ಟು ಸರಿದರೆ ಮೇಲೆ
ಬೂದ್ಯಾ ಒಂದಿಷ್ಟು ಸರಿಯುತ್ತಾನೆ,
ಮಲಗಿದ ಮರಿಯ ಮೈಮೇಲಿಂದ
ನೆರಳಿನ ದುಪ್ಪಟಿ ಜಾರದ ಹಾಗೆ.

"ಯಾಕೋ ಸರಿದೆ?" ಎಂದರೆ ಮಾತ್ರ
ಮುಖವ ತಿರುವಿ ಗೊಣಗುತ್ತಾನೆ:
"ಕಾಲು ಜೋಮು ಹಿಡಿದಿತ್ತು. ಅಷ್ಟೇ."