ಒದ್ದೆ ನೆಲದ ಕೆಳಗೆ

ರಾತ್ರಿ ಒಂದೂವರೆಗೆ ಟ್ರೈಪಾಡ್ ಊರಿ
ಮೂರು ಕಾಲಿನ ಮೇಲೆ ಸ್ಕ್ಯಾನರ್ ಕೂರಿಸಿದೆ.
ಮದುವೆಮನೆಗೆ ಯಾರ್ಯಾರು ಬಂದಿದ್ದಾರೆಂದು
ಕೂತಲ್ಲೇ ಕತ್ತು ತಿರುಗಿಸುವ ದೊಡ್ಡತ್ತೆಯ ಹಾಗೆ
ಮೆಲ್ಲಗೆ ಸುತ್ತತೊಡಗಿತು.

ಹಳೆ ಮದ್ರಾಸ್ ರಸ್ತೆಯಾಚೆಯ ಹೊಸ ಸ್ಟೇಷನ್.
ಗಾಳಿಗೆ ಹಿಡಿದ ಮೊರದಂತೆ ಒಂದು ಬದಿ ಎತ್ತಿದ ಚಾವಣಿ,
ಕೆಳಗೆ ಇಪ್ಪತ್ತೆರಡು ಕಂಬ,
ನನ್ನ ಕಂಕುಳಲ್ಲಿ ಸುರುಳಿ ಸುತ್ತಿದ ಚೌರಪ್ಪನವರ ನಕ್ಷೆ.

ಆಫೀಸಿನಲ್ಲಿ ಇನ್ನೂ ಕೈಯಲ್ಲಿ ಬರೆಯುವವರು ಅವರೊಬ್ಬರೇ.
ಫ್ರೇಜರ್ ಟೌನಿನಿಂದ ಸೈಕಲ್ಲಿನಲ್ಲಿ ಬಂದು
ಟ್ರೇಸಿಂಗ್ ಕಾಗದಕ್ಕೆ ಬೆವರು ತಾಗದ ಹಾಗೆ
ಮೊಣಕೈಗೆ ಕರ್ಚೀಫು ಕಟ್ಟಿಕೊಂಡು ಕೂರುತ್ತಾರೆ.
"ಗೆರೆ ಎಳೆಯುವಾಗ ಉಸಿರು ಬಿಡಬಾರದಮ್ಮ,
ಮುಗಿದ ಮೇಲೆ ಬಿಡು."
ಕಟ್ಟಡದ ಎತ್ತರ ತಿಳಿಯಲೆಂದು
ನಕ್ಷೆಯಲ್ಲೊಬ್ಬ ಮನುಷ್ಯನನ್ನು ನಿಲ್ಲಿಸುತ್ತಾರೆ:
ಐದಡಿ ಆರಿಂಚು, ಮುಖವಿಲ್ಲ,
ಕೈಯಲ್ಲೊಂದು ಟಿಫಿನ್ ಕ್ಯಾರಿಯರ್.
ನಲವತ್ತು ವರ್ಷದಿಂದ ಅದೇ ಆಸಾಮಿ.
ಸಕ್ಕರೆ ಕಾರ್ಖಾನೆಯಲ್ಲಿ ನಿಂತಿದ್ದ, ಹೆರಿಗೆ ಆಸ್ಪತ್ರೆಯಲ್ಲಿ ನಿಂತಿದ್ದ,
ಈಗ ಒಂದನೇ ಪ್ಲಾಟ್‌ಫಾರ್ಮಿನಲ್ಲಿ
ಊಟ ಆರಿಸಿಕೊಂಡು ನಿಂತಿದ್ದಾನೆ.

ಸ್ಕ್ಯಾನರಿಗೆ ಗೆರೆ ಗೊತ್ತಿಲ್ಲ. ಚುಕ್ಕಿ ಮಾತ್ರ.
ಸೆಕೆಂಡಿಗೆ ಲಕ್ಷಗಟ್ಟಲೆ ಚುಕ್ಕಿ.
ಅಂಗಳದ ತುಂಬ ಇಟ್ಟು ಮುಗಿಸಿ
ರಂಗೋಲಿ ಎಳೆಯುವುದನ್ನೇ ಮರೆತು ಒಳಗೆ ಹೋದ ಹಾಗೆ.
ಗಾಜು ಕಾಣುವುದಿಲ್ಲ ಅದಕ್ಕೆ;
ಅಷ್ಟು ದುಡ್ಡು ಸುರಿದ ಗಾಜಿನ ಗೋಡೆಯನ್ನು
ಇಲ್ಲವೇ ಇಲ್ಲ ಅನ್ನುತ್ತದೆ.
ನಕ್ಷೆಯಲ್ಲಿ ನೆಟ್ಟಗಿರುವ ಹನ್ನೊಂದನೇ ಕಂಬ
ಹದಿನೆಂಟು ಮಿಲಿಮೀಟರ್ ಪೂರ್ವಕ್ಕೆ ಅನ್ನುತ್ತದೆ.
ಚೌರಪ್ಪನವರಿಗೆ ಆಮೇಲೆ ಹೇಳಿದರೆ
"ಅಷ್ಟು ನಾನೂ ವಾಲಿದ್ದೇನೆ, ಬಿಡು" ಅಂದರು.

ಓಡುವವರು ಸಿಕ್ಕುವುದು ಚೂರು ಚೂರಾಗಿ:
ಅರ್ಧ ಮೊಣಕಾಲು,
ಸೂಟ್‌ಕೇಸಿನ ಒಂದು ಚಕ್ರ,
ಮಗುವಿನದಿರಬೇಕು, ಗಾಳಿಯಲ್ಲೊಂದು ಅಂಗೈ.
ಕಂಬಕ್ಕೆ ತಲೆಯಿಟ್ಟು ನಿದ್ದೆ ಹೋದವರು ಮಾತ್ರ
ಹೊದ್ದ ಚಾದರದ ಮಡಿಕೆ ಸಮೇತ ಪೂರ್ತಿ.
ಸಾಫ್ಟ್‌ವೇರಿನಲ್ಲಿ ಇವರಿಗೆಲ್ಲ ಒಂದೇ ಹೆಸರು, ಗದ್ದಲ.
ಗುಂಡಿ ಒತ್ತಿದರೆ ಹೋಗುತ್ತಾರೆ.

ಎರಡು ಗಂಟೆಗೆ ಮುನಿಲಕ್ಷ್ಮಮ್ಮ ಬಂದಳು, ಬಕೆಟ್ಟು, ಮಾಪು.
"ಮಿಷಿನ್ ಒಸಿ ಎತ್ಕೊಳ್ಳಮ್ಮ, ಕೆಳಗೆ ಒರೆಸ್ಬೇಕು."
ಅಲ್ಲಾಡಿದರೆ ಇಡೀ ರಾತ್ರಿ ದಂಡ ಅಂದೆ.
ಒಂದು ಕ್ಷಣ ಅದರ ಮುಖ ನೋಡಿದಳು,
ರಾಗಿಕಲ್ಲಿನ ಸುತ್ತ ಹಿಟ್ಟು ಬಾಚುವ ಹಾಗೆ
ಮೂರು ಕಾಲಿನ ಸುತ್ತ ಒರೆಸಿ
ಮುಂದಕ್ಕೆ ಹೋದಳು.

ಬೆಳಿಗ್ಗೆ ಪರದೆಯಲ್ಲಿ ತೆರೆದು ನೋಡಿದರೆ
ನೆಲದ ಕೆಳಗೆ ಇನ್ನೊಂದು ಸ್ಟೇಷನ್.

ಒದ್ದೆ ಗ್ರಾನೈಟು ಬೆಳಕಿಗೆ ಸುಳ್ಳು ಹೇಳಿದೆ.
ಕಂಬಗಳು ನೆಲ ತೂರಿ ಇಳಿದಿವೆ,
ಚಾವಣಿ ಬಟ್ಟಲಾಗಿ ತಳದಲ್ಲಿ ಕೂತಿದೆ,
ಗಡಿಯಾರ ತಲೆಕೆಳಗು.
ಮಲಗಿದವನ ಬೆನ್ನಿಗೆ ಬೆನ್ನು ಕೊಟ್ಟು
ಇನ್ನೊಬ್ಬ ಮಲಗಿದ್ದಾನೆ, ಅದೇ ಚಾದರ.
ಒರೆಸಿದಷ್ಟು ಜಾಗಕ್ಕೆ ಮಾತ್ರ ಇದೆಲ್ಲ;
ಒಣಗಿದ ಅಂಚಿಗೆ ಬಂದು ನಿಂತುಬಿಡುತ್ತದೆ.

ಮೇಲೆ ಅವಳನ್ನು ಹುಡುಕಿದೆ.
ಮಾಪಿನ ಕೋಲಿನ ನಾಲ್ಕು ತುಂಡು,
ಸೆರಗೋ ನೆರಳೋ ತಿಳಿಯದ ಒಂದು ಗೀರು.

ಸೊನ್ನೆ ಮಟ್ಟದ ಕೆಳಗಿನದೆಲ್ಲ ಅಳಿಸಬೇಕು, ನಿಯಮ.
ಬಳೆದು ಹಿಡಿದೆ. ಎಪ್ಪತ್ತು ಲಕ್ಷ ಚುಕ್ಕಿ.
ಬೆರಳು ಗುಂಡಿಯ ಮೇಲಿತ್ತು,
ಉಸಿರು ಬಿಟ್ಟಿರಲಿಲ್ಲ.

ಒಂದು ಲೇಯರ್ ಮಾಡಿ ಅದರೊಳಗೆ ಹಾಕಿದೆ,
ಹೆಸರಿನ ಜಾಗದಲ್ಲಿ ಮುನಿಲಕ್ಷ್ಮಮ್ಮ ಎಂದು ಬರೆದೆ,
ಪಕ್ಕದ ಪುಟ್ಟ ಬಲ್ಬು ಆರಿಸಿದೆ.

ವರದಿ ಹೋಗಿದೆ.
ಕಂಬ ಹನ್ನೊಂದು, ಹದಿನೆಂಟು ಮಿಲಿಮೀಟರ್.
ಗಾಜು, ಟೇಪು ಹಿಡಿದು ಅಳೆದದ್ದು.
ನೆಲ, ಸಮತಟ್ಟು.

ಫೈಲು ಯಾಕಿಷ್ಟು ಭಾರ ಎಂದು
ಎರಡು ಸಲ ಫೋನು ಮಾಡಿ ಕೇಳಿದ್ದಾರೆ.