ಕಾಣದ್ದಕ್ಕೆ ಕಾಲಂ ಇಲ್ಲ

ಅತ್ತಾವರ, ಮೂರನೇ ಮಾಳಿಗೆ. ಕರೆಂಟು ಹೋಗಿ ಬಂತು,
ಮತ್ತೆ ಒಂದರಿಂದ ಎಣಿಸುತ್ತೇನೆ.
ಜೀಮ್ಸಾ ಬಣ್ಣ ಉಗುರಿನ ಸಂದಿಗಿಳಿದು
ಊಟದ ಹೊತ್ತಿಗೂ ನೇರಳೆ.

ಗಾಜಿನ ಮೇಲೆ ಬುಧನ್ ಮುರ್ಮುವಿನ ರಕ್ತ.
ಪಂಪ್‌ವೆಲ್‌ನಲ್ಲಿ ಸೆಂಟ್ರಿಂಗ್ ಕೆಲಸ,
ಈ ಮಳೆಗಾಲಕ್ಕೆ ಮೂರನೇ ಜ್ವರ.
ಉಬ್ಬಿದ ಕಣದೊಳಗೆ ನೀಲಿ ಉಂಗುರ,
ಅದಕ್ಕೊಂದು ಕೆಂಪು ಹರಳು.
ಚಂದವೇ. ಹೇಳಬಾರದು.

ಕಂಡದ್ದನ್ನು ಬರೆದೆ.
ಯಕೃತ್ತಿನೊಳಗೆ ಮಲಗಿದವು ಸ್ಲೈಡಿಗೆ ಬರುವುದಿಲ್ಲ,
ಬಾಡಿಗೆ ಕೊಡದೆ, ಸದ್ದು ಮಾಡದೆ,
ದಿನ ನೋಡುತ್ತ ಇರುತ್ತವೆ.

ಪಕ್ಕದ ಮೇಜಿನಲ್ಲಿ ಝುಲೈಖಾ
ನೆಲನೆಲ್ಲಿ ಸಾರ ತೂಗುತ್ತಾಳೆ, ಮಿಲಿಗ್ರಾಂ ಲೆಕ್ಕ.
ಅವಳಜ್ಜಿ ಕಾಮಾಲೆಗೆ ಮುಷ್ಟಿ ಲೆಕ್ಕದಲ್ಲಿ
ಮಜ್ಜಿಗೆಗೆ ಅರೆಯುತ್ತಿದ್ದರಂತೆ.
"ಹದಿನೇಳನೇ ಇಲಿಯ ಲಿವರ್ ಕೆಂಪಗೇ ಉಂಟು ಮಾರಾಯ್ತಿ!"
ಮಗ ಎಸ್ಸೆಸ್ಸೆಲ್ಸಿ ಪಾಸಾದ ಹಾಗೆ.
ಆಮೇಲೆ ಮೆಲ್ಲಗೆ,
"ನೋಡಲಿಕ್ಕೆಂದು ಕೊಂದದ್ದೂ ನಾನೇ."

ಕೆಳಗೆ ಬೆಂಚಿನಲ್ಲಿ ಬುಧನ್, ಮಡಿಲಲ್ಲಿ ಹೆಲ್ಮೆಟ್.
ಮಾತ್ರೆ ಹದಿನಾಲ್ಕು ದಿನ.
ಹೋದ ಸಲ ಜ್ವರ ಬಿಟ್ಟದ್ದೇ ನಿಲ್ಲಿಸಿದ್ದ.
ಬೆರಳು ಮಡಚಿ ತೋರಿಸುತ್ತೇನೆ,
ಹತ್ತಕ್ಕೆ ನನ್ನವು ಮುಗಿಯುತ್ತವೆ.
ಉಳಿದ ನಾಲ್ಕನ್ನು ಅವನೇ ಮಡಚುತ್ತಾನೆ,
ಸಿಮೆಂಟು ಕಚ್ಚಿದ ಎಡಗೈಯಲ್ಲಿ,
ಹತ್ತಿ ಒತ್ತಿದ ಬೆರಳೊಂದನ್ನು ಬಿಟ್ಟು.