ಪೆನ್ಸಿಲ್ ನಿಲ್ಲುವ ಜಾಗ

ಕೀಟೊ ನಗರದಲ್ಲಿ ಬೆಳಗಿನ ಆರಕ್ಕೇ
ಆಲೂಗಡ್ಡೆ ಕೆತ್ತುತ್ತಾ ಕೂತಿರುತ್ತೇನೆ.
ಅಡುಗೆಗಲ್ಲ.
ಎದುರಿಗೆ ಹಳೆಯ ಎಕ್ಸ್‌ರೇ ಹಾಳೆ,
ಅದರ ಮೇಲೆ ಹುಡುಗನ ಎಡಗಿವಿಯ ಗೆರೆ.
ಹಾಳೆ ಮಗುಚಿದರೆ ಅದೇ ಬಲಗಿವಿ,
ಇನ್ನೂ ಇಲ್ಲದ್ದು.

ಹೊರಸುತ್ತು, ಒಳಸುತ್ತು, ನಡುವೆ ದೋಣಿಯಂಥ ತಗ್ಗು,
ಕೆಳಗೆ ಹಾಲೆ.
ಆರು ಗಡ್ಡೆ ಕೆಟ್ಟವು. ಏಳನೆಯದು ಪರವಾಗಿಲ್ಲ.
ಕೆಟ್ಟ ಕಿವಿಗಳನ್ನೆಲ್ಲ ನರ್ಸ್ ಪಿಯೆದಾದ್
ಚೀಸ್ ಹಾಕಿ ಸಾರು ಮಾಡಿದಳು.
ಉಂಡೆವು.

ಯಾಕು, ಹತ್ತು ವರ್ಷ.
ಕಿವಿಯಿರಬೇಕಾದಲ್ಲಿ ಕಡಲೆ ಗಾತ್ರದ ತೊಗಲ ಮಡಿಕೆ.
ಅವರ ಕಡೆ ಗಂಡುಮಕ್ಕಳಿಗೂ ಜಡೆಯುಂಟು, ಬೆನ್ನ ಮೇಲೆ.
ಇವನದು ಮಾತ್ರ ಬಲಭುಜದ ಮುಂದೆ,
ಗಾಳಿ ಎದ್ದರೆ ಕೈ ತಾನಾಗಿ ಅಲ್ಲಿಗೆ.
ಅಜ್ಜಿ ಹೇಳಿದಳು:
"ಇವನಿಗೆ ಹೇಳಿದ್ದು ಮರೆಯುವುದೇ ಇಲ್ಲ ಡಾಕ್ಟ್ರೇ,
ಒಂದು ಕಿವಿಯಲ್ಲಿ ಹೊಕ್ಕಿದ್ದು ಹೊರಡಲಿಕ್ಕೆ
ಇನ್ನೊಂದು ಬಾಗಿಲಿಲ್ಲವಲ್ಲ."
ನಾನು ನಗಬಾರದಿತ್ತು.
ನನಗಿಂತ ಮೊದಲು ಅವನೇ ನಕ್ಕ.

ಅಪ್ಪ ಸೆಗುಂದೊ, ಸಾನ್ ಆಂತೋನಿಯೊ ಊರಿನವನು,
ಸೀಡರ್ ಮರದಲ್ಲಿ ಸಂತರನ್ನು ಕೆತ್ತುವವನು.
ನನ್ನ ಆಲೂಗಡ್ಡೆಯೆತ್ತಿ ಬೆಳಕಿಗೆ ಹಿಡಿದು
"ಇಲ್ಲಿ ದಪ್ಪವಾಯಿತು" ಎಂದ.
ಆಮೇಲೆ, ತಪ್ಪೊಪ್ಪಿಕೊಳ್ಳುವವನ ಹಾಗೆ:
"ಕಿವಿ ಕಷ್ಟ. ಮೂಗಾದರೆ ಒಂದೇ ಗುಡ್ಡ.
ನಮ್ಮ ಸಂತರಿಗೆಲ್ಲ ಅದಕ್ಕೇ ಉದ್ದ ಕೂದಲು."
ಅಂದವನು ಮಗನ ಜಡೆ ನೋಡಿ
ಸುಮ್ಮನಾದ.

ಪಕ್ಕೆಲುಬಿನ ತುದಿಯ ಮೆದುಮೂಳೆ ತೆಗೆಯುತ್ತೇನೆ ಎಂದೆ,
ಆರನೆಯದು, ಏಳನೆಯದು, ಹೊರಸುತ್ತಿಗೆ ಎಂಟನೆಯದು.
ಒಂದೇ ಮಗ್ಗುಲು ಕೆತ್ತಿದರೆ ಬಾಗಿಬಿಡುತ್ತದೆ.
"ಹಸಿ ಮರವೂ" ಎಂದ ಸೆಗುಂದೊ.
ಹನ್ನೆರಡು ವರ್ಷ ನಾನು ಓದಿದ್ದನ್ನು
ಎರಡು ಮಾತಿನಲ್ಲಿ ಮುಗಿಸಿದ.

"ಈ ಕಿವಿಗೆ ಕೇಳಿಸುತ್ತದಾ?"
ಇಲ್ಲ, ಎಂದೆ.
ಮರೆಯದವನ ಹತ್ತಿರ ಸುಳ್ಳು ಹೇಗೆ ಹೇಳುವುದು?
ಒಳದಾರಿಯೇ ಇಲ್ಲ, ಬರೀ ಮೂಳೆ.
ಕಿವಿಗೊಡುತ್ತೇನೆ ಎಂದರೆ ಕೇಳುತ್ತೇನೆ ಎಂದರ್ಥ ಜನಕ್ಕೆ.
ನಾನು ಕೊಡುವ ಕಿವಿ ಏನನ್ನೂ ಕೇಳದು.

"ಪರವಾಗಿಲ್ಲ. ಪೆನ್ಸಿಲ್ ನಿಲ್ಲುತ್ತದಾ?"
ತಿಳಿಯಲಿಲ್ಲ ನನಗೆ. ಅಪ್ಪನ ಕಡೆ ಬೆರಳು ಮಾಡಿದ.
ಸೆಗುಂದೊನ ಬಲಗಿವಿಯ ಸಂದಿನಲ್ಲಿ
ಚಪ್ಪಟೆ ಕೆಂಪು ಪೆನ್ಸಿಲು, ಚಾಕುವಿನಲ್ಲಿ ಹೆರೆದದ್ದು.
ಆಸ್ಪತ್ರೆಗೂ ಹಾಗೇ ಬಂದುಬಿಟ್ಟಿದ್ದ.
ಎಡಗಿವಿಯಲ್ಲಿಟ್ಟುಕೋ ಎಂದೆ.
"ಎಡಗೈ ಮರ ಹಿಡಿದಿರುತ್ತದೆ,
ಬಲಗೈಗೆ ಎಟುಕಬೇಕು" ಎಂದ,
ಇಷ್ಟೂ ಗೊತ್ತಿಲ್ಲವೇ ಎನ್ನುವ ಹಾಗೆ.

ನಾಲ್ಕೂವರೆ ತಾಸು.
ಕೂದಲಿಗಿಂತ ತೆಳು ತಂತಿಯಲ್ಲಿ ಹೊಲಿದ ಎಲುಬಿನ ಚೂರು
ಚರ್ಮದಡಿ ಸೇರಿಸಿ, ನಳಿಕೆಯಿಂದ ಗಾಳಿ ಹೀರಿದೆ.
ಚರ್ಮ ತಗ್ಗುಗಳಿಗೆ ಇಳಿಯಿತು, ಏಣುಗಳು ಎದ್ದವು,
ಒದ್ದೆ ಬಟ್ಟೆಯಡಿ ಯಾರೋ ಮಗ್ಗುಲಾದ ಹಾಗೆ.
ಪಿಯೆದಾದ್ ಶಿಲುಬೆಯ ಗುರುತು ಮಾಡಿಕೊಂಡಳು.
ನಾನು ಗಡಿಯಾರ ನೋಡಿದೆ.

ನಾಲ್ಕನೇ ವಾರ ಕಟ್ಟು ಬಿಚ್ಚಿದಾಗ
ಅವನು ಕನ್ನಡಿ ಕೇಳಲಿಲ್ಲ, ಪೆನ್ಸಿಲ್ ಕೇಳಿದ.
ಉರುಳಿ ಮಂಚದಡಿಗೆ ಹೋಯಿತು.
ಕಿವಿ ಇನ್ನೂ ತಲೆಗಂಟಿದೆ, ಎತ್ತಿ ನಿಲ್ಲಿಸಬೇಕು,
ಹಿಂದೆ ತೊಡೆಸಂದಿನ ಚರ್ಮ ಹಾಕಬೇಕು, ಇನ್ನಾರು ತಿಂಗಳು ಎಂದೆ.
ಬಗ್ಗಿ ಪೆನ್ಸಿಲ್ ಎತ್ತಿಕೊಂಡು
ಬೆರಳೆಣಿಸಿದ: ಆರು.

ಈ ಡಿಸೆಂಬರಿನಲ್ಲಿ ಬಂದರು.
ಸೆಗುಂದೊನ ಕೈಯಲ್ಲಿ ಪತ್ರಿಕೆ ಸುತ್ತಿದ ಗೇಣುದ್ದದ ಸಂತ,
ಯಾರೆಂದು ಹೇಳಲಿಲ್ಲ, ಕೂದಲು ಹಿಂದಕ್ಕೆ ಬಾಚಿತ್ತು.
ಎರಡು ಕಿವಿ. ಬಲಗಿವಿ ತುಸು ದಪ್ಪ.
ಅದು ನನಗೆ ಹೇಳಿದ ಮಾತು.

ಯಾಕು ಅಲ್ಲಿ ಬೆನ್ನು ತಿರುಗಿಸಿ
ಮೀನಿನ ತೊಟ್ಟಿ ನೋಡುತ್ತಿದ್ದ, ಜಡೆ ಬೆನ್ನ ಮೇಲೆ.
ಬಲಗಡೆಯಿಂದ ಕರೆದೆ.
ದನಿ ಯಾವ ಕಡೆಯದೆಂದು ತಿಳಿಯದೆ
ಮೊದಲು ಕಿಟಕಿಯತ್ತ, ಆಮೇಲೆ ಬಾಗಿಲತ್ತ,
ಕೊನೆಗೆ ನನ್ನತ್ತ ತಿರುಗಿದ.
ಪೆನ್ಸಿಲು ಬೀಳಲಿಲ್ಲ.